ಹಸಿರು ಇದೆ, ಸಿಗ್ನಲ್ ಇಲ್ಲ: ರಿಸೆಪ್ಟರ್‌ಗೆ ಹೊಳೆಯುವ ಟ್ಯಾಗ್ ಹಾಕಿದಾಗ ದೋಷ ಹುಡುಕುವ ಬಗೆ

ದೂರು ಬಹುತೇಕ ಒಂದೇ ಥರ ಇರುತ್ತದೆ. ರಿಸೆಪ್ಟರ್‌ಗೆ, ಅಂದರೆ ಔಷಧಿಯನ್ನು ಹಿಡಿದು ಕೋಶಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನಿಗೆ, ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಟ್ಯಾಗ್ ಆಗಿ ಜೋಡಿಸಿದ್ದಾಗಿದೆ. ಕೋಶಗಳು ಹಸಿರಾಗಿ ಹೊಳೆಯುತ್ತಿವೆ. ಆದರೆ ಔಷಧಿ ಹಾಕಿದರೆ ರಿಸೆಪ್ಟರ್ ಪೊರೆಯಿಂದ ಕೋಶದೊಳಗೆ ಸರಿಯಬೇಕು ಎಂದು ಪುಸ್ತಕದಲ್ಲಿದೆ, ಹಾಗೆ ಏನೂ ಆಗುತ್ತಿಲ್ಲ. ಬೆಳಗಾವಿಯ ನಮ್ಮ ಇಮೇಜಿಂಗ್ ರೂಮಿಗೆ ವಿಜಯಪುರ, ಬಾಗಲಕೋಟೆ ಕಡೆಯಿಂದಲೂ ಪಿಎಚ್‌ಡಿ ಮಾಡುವವರು ಬರುತ್ತಾರೆ. ಪೆನ್ ಡ್ರೈವ್ ತುಂಬಾ ಫೋಟೋ, ಜೊತೆಗೆ ಈ ಮಾತು: "ಸರ, ಔಷಧ ಹಾಕಿದ್ರೂ ರಿಸೆಪ್ಟರ್ ಒಳಗ ಹೋಗವಲ್ದು ನೋಡ್ರಿ." ನಾನು ಫೋಟೋ ನೋಡುವ ಮೊದಲು ಕೇಳುವುದು ಒಂದೇ: "ಟ್ಯಾಗ್ ಯಾವ ತುದಿಗೆ ಹಾಕೀರಿ?"

ಇದಕ್ಕೆ ಉತ್ತರ ಕೊಡಲು ಬಹಳ ಜನ ಪ್ಲಾಸ್ಮಿಡ್‌ನ (ಕೋಶಕ್ಕೆ ಹಾಕುವ ಡಿಎನ್‌ಎ ಉಂಗುರದ) ಮ್ಯಾಪ್ ತೆರೆಯಬೇಕಾಗುತ್ತದೆ. ಆದರೆ ಈ ಪ್ರಯೋಗದ ಹೆಚ್ಚಿನ ತೊಂದರೆಗಳೆಲ್ಲ ಆ ಒಂದು ಉತ್ತರಕ್ಕೇ ತಗುಲಿಕೊಂಡಿರುತ್ತವೆ. ಹಾಗಾಗಿ ಅದನ್ನು ಮೊದಲು ಬಗೆಹರಿಸಿಕೊಳ್ಳೋಣ.

ಇಲ್ಲಿ ಉದಾಹರಣೆಗೆ ಬೀಟಾ 2 ಅಡ್ರಿನರ್ಜಿಕ್ ರಿಸೆಪ್ಟರ್ ತೆಗೆದುಕೊಳ್ಳುತ್ತೇನೆ. ಅಸ್ತಮಾ ಇನ್‌ಹೇಲರ್‌ನ ಸಾಲ್ಬುಟಮಾಲ್ ಕೂರುವುದು ಇದರ ಮೇಲೆಯೇ. ಇಂಥ ರಿಸೆಪ್ಟರ್‌ಗಳು ಹೇಗೆ ಕೆಲಸ ಮಾಡುತ್ತವೆ ಎಂದು ತೋರಿಸಿದ್ದಕ್ಕೆ 2012ರಲ್ಲಿ ರಾಬರ್ಟ್ ಲೆಫ್ಕೊವಿಟ್ಸ್ ಮತ್ತು ಬ್ರಯಾನ್ ಕೊಬಿಲ್ಕಾ ಅವರಿಗೆ ನೊಬೆಲ್ ಬಂತು. ಈ ರಿಸೆಪ್ಟರ್ ಕೋಶದ ಪೊರೆಯನ್ನು ಏಳು ಸಲ ಹಾದುಹೋಗುತ್ತದೆ. ಮೊದಲ ತುದಿ, ಅಂದರೆ ಎನ್ ತುದಿ, ಕೋಶದ ಹೊರಗೆ. ಕೊನೆಯ ಸಿ ತುದಿ ಕೋಶದ ಒಳಗೆ. ಉದ್ದ 413 ಅಮೈನೋ ಆಮ್ಲ. ಅದಕ್ಕೆ ನೀವು ಕಟ್ಟುತ್ತಿರುವ ಜಿಎಫ್‌ಪಿಯ ಉದ್ದ 238, ತೂಕ ಸುಮಾರು 27 ಕಿಲೋಡಾಲ್ಟನ್. ರಿಸೆಪ್ಟರ್‌ನ ಅರ್ಧಕ್ಕಿಂತ ಜಾಸ್ತಿ ಉದ್ದದ ಪ್ರೋಟೀನನ್ನು ಅದರ ಒಂದು ತುದಿಗೆ ನೇತುಹಾಕಿ, "ಏನೂ ವ್ಯತ್ಯಾಸ ಆಗಿಲ್ಲ" ಅಂದುಕೊಳ್ಳುವುದು ತುಸು ಧೈರ್ಯದ ಮಾತೇ, ಅಲ್ವಾ?

ಏನೂ ಹೊಳೆಯುತ್ತಿಲ್ಲ

ಕತ್ತಲೆಯೇ ಕಂಡರೆ ಮೊದಲು ಮೈಕ್ರೋಸ್ಕೋಪನ್ನು ಅನುಮಾನಿಸಿ, ಆಮೇಲೆ ಡಿಎನ್‌ಎ. ರಿಸೆಪ್ಟರ್ ಇಲ್ಲದ ಬರೀ ಇಜಿಎಫ್‌ಪಿ (ಜಿಎಫ್‌ಪಿಯ ಹೆಚ್ಚು ಹೊಳೆಯುವ ರೂಪ) ಪ್ಲಾಸ್ಮಿಡ್ ಹಾಕಿದ ಒಂದು ಡಿಶ್ ಯಾವಾಗಲೂ ಪಕ್ಕದಲ್ಲಿರಲಿ. ಅದು ಹೊಳೆದರೆ ಲ್ಯಾಂಪು, ಫಿಲ್ಟರು, ಟ್ರಾನ್ಸ್‌ಫೆಕ್ಷನ್ (ಕೋಶಕ್ಕೆ ಡಿಎನ್‌ಎ ಹಾಕುವ ಕೆಲಸ) ಮೂರೂ ಸರಿಯಿವೆ ಎಂದಾಯಿತು. ಅದೂ ಹೊಳೆಯದಿದ್ದರೆ ನಿಮ್ಮ ರಿಸೆಪ್ಟರ್ ಬಗ್ಗೆ ಯೋಚಿಸುವುದೇ ಬೇಡ.

ಹಳೆಯ ಮರ್ಕ್ಯುರಿ ಲ್ಯಾಂಪಿನ ಮೈಕ್ರೋಸ್ಕೋಪ್ ಇದ್ದರೆ ಕರೆಂಟ್ ಹೋಗಿ ಬಂದ ದಿನ ಹುಷಾರು. ಬಿಸಿಯಿರುವ ಲ್ಯಾಂಪನ್ನು ತಕ್ಷಣ ಮತ್ತೆ ಹಚ್ಚಬಾರದು. ಅರ್ಧ ಗಂಟೆಯಾದರೂ ಆರಲು ಬಿಡಿ. ಇಂಥ 100 ವ್ಯಾಟ್ ಲ್ಯಾಂಪುಗಳ ಆಯಸ್ಸು ಕೆಲವು ನೂರು ಗಂಟೆ ಅಷ್ಟೇ. ಮುದಿ ಲ್ಯಾಂಪು ಥಟ್ಟನೆ ಸಾಯುವುದಿಲ್ಲ, ಮಿಣಮಿಣ ಅನ್ನುತ್ತಾ ಮಂಕಾಗುತ್ತಾ ಹೋಗುತ್ತದೆ. ಹೋದ ತಿಂಗಳ ಫೋಟೋಗೂ ಈ ತಿಂಗಳ ಫೋಟೋಗೂ ಹೊಳಪು ಹೋಲಿಸುವವರು ಗಂಟೆ ಮೀಟರ್ ನೋಡದಿದ್ದರೆ, ಲ್ಯಾಂಪಿನ ವಯಸ್ಸನ್ನೇ ರಿಸೆಪ್ಟರ್‌ನ ಪ್ರಮಾಣ ಎಂದು ಬರೆದಿಡುತ್ತಾರೆ.

ಬರೀ ಇಜಿಎಫ್‌ಪಿ ಹೊಳೆದು, ನಿಮ್ಮದು ಹೊಳೆಯದಿದ್ದರೆ ತುದಿಯ ಪ್ರಶ್ನೆಗೆ ಬನ್ನಿ. ಸಿ ತುದಿಗೆ ಟ್ಯಾಗ್ ಹಾಕಿದ್ದರೆ ರಿಸೆಪ್ಟರ್‌ನ ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ಮುಗಿಯಿತು ಎನ್ನುವ ಡಿಎನ್‌ಎ ಗುರುತು) ತೆಗೆದಿದ್ದಾರಾ ನೋಡಿ. ಅದು ಉಳಿದುಬಿಟ್ಟರೆ ರಿಸೆಪ್ಟರ್ ಚೆನ್ನಾಗಿಯೇ ತಯಾರಾಗುತ್ತದೆ, ಕೆಲಸವನ್ನೂ ಮಾಡುತ್ತದೆ, ಆದರೆ ಓದು ಜಿಎಫ್‌ಪಿ ತನಕ ಬರುವುದೇ ಇಲ್ಲ. ಸಿಗ್ನಲ್ ಇದೆ, ಬೆಳಕಿಲ್ಲ ಎಂಬ ವಿಚಿತ್ರ ಫಲಿತಾಂಶಕ್ಕೆ ಇದೇ ಮೊದಲ ಕಾರಣ. ಎರಡನೆಯದು ಓದುವ ಚೌಕಟ್ಟು, ಅಂದರೆ ಕೋಶ ಡಿಎನ್‌ಎಯನ್ನು ಮೂರು ಮೂರು ಅಕ್ಷರವಾಗಿ ಓದುವ ಸಾಲು. ರಿಸೆಪ್ಟರ್‌ಗೂ ಜಿಎಫ್‌ಪಿಗೂ ನಡುವಿನ ಕೊಂಡಿಯಾದ ಲಿಂಕರ್‌ನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಮುಂದಿನದೆಲ್ಲ ಕಸ. ಮ್ಯಾಪ್ ನಂಬಬೇಡಿ. ಜೋಡಣೆಯ ಜಾಗವನ್ನು ಸೀಕ್ವೆನ್ಸ್ ಮಾಡಿಸಿ.

ಎನ್ ತುದಿಯದಾದರೆ ಕಥೆಯೇ ಬೇರೆ. ಬೀಟಾ 2 ರಿಸೆಪ್ಟರ್‌ಗೆ ಮುಂದುಗಡೆ ಕತ್ತರಿಸಿ ಬೀಳುವ ಸಿಗ್ನಲ್ ಪೆಪ್ಟೈಡ್ (ಪ್ರೋಟೀನನ್ನು ಪೊರೆಯತ್ತ ಒಯ್ಯುವ ತುಣುಕು) ಇಲ್ಲ. ಅದರ ಮುಂದೆ ದೊಡ್ಡ ಜಿಎಫ್‌ಪಿ ತಂದಿಟ್ಟರೆ ಅದನ್ನು ಪೊರೆ ದಾಟಿಸಿ ಆಚೆ ತಳ್ಳುವುದು ಕೋಶಕ್ಕೆ ಕಷ್ಟ. ಅದಕ್ಕೇ ಇನ್‌ಫ್ಲುಯೆಂಜಾ ವೈರಸ್‌ನ ಹೀಮಗ್ಲುಟಿನಿನ್ ಪ್ರೋಟೀನಿನ ಸಿಗ್ನಲ್ ತುಣುಕನ್ನು ಎಲ್ಲಕ್ಕಿಂತ ಮುಂದೆ ಸೇರಿಸುವ ರೂಢಿ. ನಿಮ್ಮ ಪ್ಲಾಸ್ಮಿಡ್‌ನಲ್ಲಿ ಅದು ಇದೆಯಾ?

ಇನ್ನೊಂದು ಸಣ್ಣ ವಿಷಯ. ಜಿಎಫ್‌ಪಿ ತಯಾರಾದ ಕೂಡಲೇ ಹೊಳೆಯುವುದಿಲ್ಲ. ಅದರ ಒಳಗಿನ ಬಣ್ಣದ ಭಾಗ ರೂಪುಗೊಳ್ಳಲು ಆಮ್ಲಜನಕ ಬೇಕು, ಸಮಯವೂ ಬೇಕು. ಟ್ರಾನ್ಸ್‌ಫೆಕ್ಷನ್ ಆದ 24ರಿಂದ 48 ಗಂಟೆಯೊಳಗೆ ನೋಡುವುದು ವಾಡಿಕೆ. ಬೆಳಿಗ್ಗೆ ಹಾಕಿ ಮಧ್ಯಾಹ್ನವೇ ಇಣುಕಿ ನಿರಾಶರಾಗಬೇಡಿ.

ಎಲ್ಲ ಕಡೆ ಹಸಿರು

ಡಿಎನ್‌ಎ ಹಾಕದ ಕೋಶಗಳೂ ಹಸಿರಾಗಿ ಕಂಡರೆ ಅದು ಮೀಡಿಯಮ್ಮಿನ (ಕೋಶ ಬೆಳೆಸುವ ದ್ರವದ) ರೈಬೋಫ್ಲೇವಿನ್, ಫೀನಾಲ್ ರೆಡ್‌ಗಳ ಕಾಟ ಇರಬಹುದು. ಇಮೇಜಿಂಗ್ ಬಫರ್‌ಗೆ ಬದಲಿಸಿ. ದುಂಡಗಾಗಿ ಎದ್ದು, ಹಸಿರು ಕೆಂಪು ಎರಡೂ ಫಿಲ್ಟರ್‌ನಲ್ಲಿ ಹೊಳೆಯುವುದು ಸತ್ತ ಕೋಶ. ಅದನ್ನು ಬಿಟ್ಟುಬಿಡಿ.

ನ್ಯೂಕ್ಲಿಯಸ್ ಒಳಗೂ ಹಸಿರು ತುಂಬಿದ್ದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಏಳು ಸಲ ಪೊರೆ ಹಾಯುವ ರಿಸೆಪ್ಟರ್ ನ್ಯೂಕ್ಲಿಯಸ್ಸಿನ ನಡುವೆ ಹರಡಿಕೊಂಡು ಇರಲಾರದು. ಅಲ್ಲಿ ಹೊಳೆಯುತ್ತಿರುವುದು ತುಂಡಾಗಿ ಬಿಡುಗಡೆಯಾದ ಜಿಎಫ್‌ಪಿ. ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟ್ ಮಾಡಿ, ಜಿಎಫ್‌ಪಿ ಆಂಟಿಬಾಡಿಯಿಂದ ನೋಡಿ. 27 ಕಿಲೋಡಾಲ್ಟನ್ ಹತ್ತಿರ ದಪ್ಪ ಪಟ್ಟಿ ಇದ್ದರೆ ನೀವು ಅಳೆಯುತ್ತಿರುವುದು ರಿಸೆಪ್ಟರನ್ನಲ್ಲ, ಟ್ಯಾಗನ್ನು. ಈ ಬ್ಲಾಟ್‌ಗೆ ಸ್ಯಾಂಪಲ್ ಕುದಿಸಬೇಡಿ. ಕುದಿಸಿದರೆ ಇಂಥ ಪೊರೆಯ ಪ್ರೋಟೀನುಗಳು ಗಂಟು ಕಟ್ಟಿಕೊಂಡು ಜೆಲ್‌ನ ಬಾಯಲ್ಲೇ ಉಳಿಯುತ್ತವೆ. ಆಗ ಪೂರ್ತಿ ರಿಸೆಪ್ಟರ್ ಇದ್ದರೂ ಇಲ್ಲ ಅನಿಸುತ್ತದೆ. ಸಕ್ಕರೆ ಸರಪಳಿ ಸೇರಿರುವುದರಿಂದ ಪಟ್ಟಿ ಚೂಪಾಗಿರದೆ ಹರಡಿಕೊಂಡಿರುತ್ತದೆ. ಅದು ದೋಷವಲ್ಲ, ಒಳ್ಳೆಯ ಲಕ್ಷಣ.

ಪೊರೆಯ ಮೇಲಿಲ್ಲ, ಒಳಗೇ ಸಿಕ್ಕಿಕೊಂಡಿದೆ

ಅತಿ ಹೆಚ್ಚು ತಲೆ ತಿನ್ನುವುದು ಇದೇ. ಇದರಲ್ಲಿ ಸುಳ್ಳು ದೋಷ ಮತ್ತು ನಿಜ ದೋಷ ಎರಡೂ ಬೆರೆತಿರುತ್ತವೆ, ಬೇರ್ಪಡಿಸಬೇಕು.

ಸುಳ್ಳು ದೋಷ ಮೊದಲು. ಇಂಥ ಪ್ರಯೋಗಕ್ಕೆ ಬಳಸುವ ಎಚ್‌ಇಕೆ 293 ಎಂಬ ಮಾನವ ಕೋಶಗಳು ಗುಂಡಗಿರುತ್ತವೆ. ಸಾಮಾನ್ಯ ಫ್ಲೋರೊಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೇಲಿನ ಪೊರೆ, ಕೆಳಗಿನ ಪೊರೆ ಎರಡರ ಬೆಳಕೂ ಒಟ್ಟಿಗೆ ಬಂದು, ಕೋಶದ ಒಳಗೆಲ್ಲ ಹಸಿರು ತುಂಬಿದ ಹಾಗೆ ಕಾಣುತ್ತದೆ. ಫೋಕಸನ್ನು ಕೋಶದ ನಡು ಎತ್ತರಕ್ಕೆ ತನ್ನಿ. ಎರಡು ಕೋಶಗಳು ಒಂದಕ್ಕೊಂದು ಅಂಟಿರುವ ಜಾಗ ಹುಡುಕಿ. ಎರಡರಲ್ಲೂ ರಿಸೆಪ್ಟರ್ ಇದ್ದು, ಅದು ಪೊರೆಯ ಮೇಲೇ ಇದ್ದರೆ ಆ ಗಡಿಯಲ್ಲಿ ಗೆರೆ ಎದ್ದು ಕಾಣುತ್ತದೆ. ಒಂದೇ ಪದರದ ಬೆಳಕನ್ನು ತೋರಿಸುವ ಕಾನ್‌ಫೋಕಲ್ ಮೈಕ್ರೋಸ್ಕೋಪ್ ಸಿಕ್ಕರಂತೂ ಈ ಗೊಂದಲ ಐದು ನಿಮಿಷದಲ್ಲಿ ಮುಗಿಯುತ್ತದೆ.

ಲೆನ್ಸನ್ನೂ ನೋಡಿ. ಯಾರೋ 100 ಪಟ್ಟಿನ ಲೆನ್ಸಿಗೆ ಎಣ್ಣೆ ಹಾಕಿ, ಹಾಗೇ 40 ಪಟ್ಟಿನ ಒಣ ಲೆನ್ಸನ್ನು ಅದೇ ಎಣ್ಣೆಯ ಮೇಲೆ ತಿರುಗಿಸಿರುತ್ತಾರೆ. ಮುಂದಿನವರಿಗೆ ಗೆರೆಯೆಲ್ಲ ಮಬ್ಬು. ಬೆಳಗಾವಿಯ ಮಳೆಗಾಲದಲ್ಲಿ ಇದಕ್ಕೆ ಬೂಷ್ಟೂ ಸೇರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಈ ಊರಲ್ಲಿ ಲೆನ್ಸ್ ಗಾಜಿನ ಮೇಲೆ ಫಂಗಸ್ ಬೆಳೆಯುವುದು ಆಶ್ಚರ್ಯವಲ್ಲ. ಬೇರೆ ಲೆನ್ಸಿನಲ್ಲಿ ಅದೇ ಕೋಶ ಸ್ಪಷ್ಟವಾಗಿ ಕಂಡರೆ ನಿಮ್ಮ ರಿಸೆಪ್ಟರ್ ನಿರಪರಾಧಿ. ಮಳೆಗಾಲ ಮುಗಿಯುವವರೆಗೆ ಡಿಹ್ಯುಮಿಡಿಫೈಯರ್ ಓಡಲಿ, ಬಳಸದ ಲೆನ್ಸುಗಳು ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿರಲಿ. ಕರ್ಚೀಫಿನಿಂದ ಒರೆಸುವವರನ್ನು ರೂಮಿನ ಒಳಗೇ ಬಿಡಬೇಡಿ.

ಈಗ ನಿಜ ದೋಷ. ನ್ಯೂಕ್ಲಿಯಸ್ ಸುತ್ತ ಬಲೆಯ ಹಾಗೆ ಹಸಿರು, ಅಂಚಿನಲ್ಲಿ ಗೆರೆಯೇ ಇಲ್ಲ. ಇದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್. ಪ್ರೋಟೀನ್ ಮಡಚಿಕೊಳ್ಳುವ ಜಾಗ. ರಿಸೆಪ್ಟರ್ ಸರಿಯಾಗಿ ಮಡಚಿಕೊಳ್ಳದಿದ್ದರೆ ಕೋಶ ಅದನ್ನು ಅಲ್ಲಿಂದ ಮುಂದೆ ಬಿಡುವುದಿಲ್ಲ. ಆದರೆ ಸರಿಯಾಗಿದ್ದರೂ ಒಮ್ಮೆಲೇ ಬಹಳ ತಯಾರಾದರೆ, ಸಂತೆಯ ದಿನ ಊರ ಬಾಗಿಲಲ್ಲೇ ಗಾಡಿಗಳು ನಿಂತುಬಿಡುವ ಹಾಗೆ, ಸಾಲು ಮುಂದೆ ಸಾಗುವುದಿಲ್ಲ. ಪ್ರೋಟೀನನ್ನು ಜೋರಾಗಿ ತಯಾರಿಸುವಂತೆ ಮಾಡುವ ಸಿಎಂವಿ ಪ್ರೊಮೋಟರ್ ಇರುವ ಪ್ಲಾಸ್ಮಿಡ್‌ಗಳಲ್ಲಿ ಇದು ತೀರಾ ಸಾಮಾನ್ಯ.

ಎರಡರಲ್ಲಿ ಯಾವುದು ಎಂದು ತಿಳಿಯಲು ಡಿಎನ್‌ಎ ಪ್ರಮಾಣ ಇಳಿಸಿ. ಒಂದು ಡಿಶ್‌ಗೆ 1 ಮೈಕ್ರೋಗ್ರಾಂ ಹಾಕುತ್ತಿದ್ದರೆ 0.5, 0.25, 0.1 ಎಂದು ಮಾಡಿ ನೋಡಿ. ಒಟ್ಟು ಡಿಎನ್‌ಎ ಮಾತ್ರ 1 ಮೈಕ್ರೋಗ್ರಾಮಿಗೇ ಇರಲಿ, ಉಳಿದದ್ದನ್ನು ಖಾಲಿ ವೆಕ್ಟರ್‌ನಿಂದ (ರಿಸೆಪ್ಟರ್ ಇಲ್ಲದ ಪ್ಲಾಸ್ಮಿಡ್‌ನಿಂದ) ತುಂಬಿ. ಇಲ್ಲವಾದರೆ ಟ್ರಾನ್ಸ್‌ಫೆಕ್ಷನ್ ಲೆಕ್ಕವೇ ಬದಲಾಗಿ, ಹೋಲಿಕೆ ಕೆಡುತ್ತದೆ. ಡಿಎನ್‌ಎ ಇಳಿದಂತೆ ಅಂಚಿನ ಗೆರೆ ಮೂಡಿಬಂದರೆ ತೊಂದರೆ ಸುಮ್ನೆ ಅತಿಯಾಗಿ ತಯಾರಾಗಿದ್ದು. ಎಷ್ಟು ಇಳಿಸಿದರೂ ಬಲೆಯೇ ಉಳಿದರೆ ಮಡಚಿಕೆಯ ತೊಂದರೆ. ಟ್ಯಾಗನ್ನು ಇನ್ನೊಂದು ತುದಿಗೆ ಒಯ್ಯಿರಿ. ಇಲ್ಲವೇ ನಡುವೆ ಉದ್ದನೆಯ, ಗ್ಲೈಸಿನ್ ಸೆರಿನ್‌ಗಳ ಮೆದು ಲಿಂಕರ್ ಹಾಕಿ.

ಇನ್ನೊಂದು ಪರೀಕ್ಷೆ: ಸೈಕ್ಲೋಹೆಕ್ಸಿಮೈಡ್ ಹಾಕಿ ಹೊಸ ಪ್ರೋಟೀನ್ ತಯಾರಿಕೆ ನಿಲ್ಲಿಸಿ, ಒಂದೆರಡು ಗಂಟೆ ಬಿಟ್ಟು ನೋಡಿ. ಒಳಗಿದ್ದ ಹಸಿರು ಪೊರೆಗೆ ಹೋಗಿ ಸೇರಿದರೆ ಅದು ದಾರಿಯಲ್ಲಿದ್ದ ಸರಕು. ಅಲ್ಲೇ ಕೂತಿದ್ದರೆ ಅದು ಸಿಕ್ಕಿಕೊಂಡದ್ದು.

ಒಂದು ಅಭ್ಯಾಸ ಬಿಡಿಸಲು ನನಗೆ ಇನ್ನೂ ಆಗಿಲ್ಲ. ಎಲ್ಲರೂ ಡಿಶ್‌ನಲ್ಲಿ ಎಲ್ಲಕ್ಕಿಂತ ಜೋರಾಗಿ ಹೊಳೆಯುವ ಕೋಶವನ್ನೇ ಹುಡುಕಿ ಫೋಟೋ ತೆಗೆಯುತ್ತಾರೆ. ಪೇಪರಿನಲ್ಲಿ ಚಂದ ಕಾಣುತ್ತದೆ, ನಿಜ. ಆದರೆ ರಿಸೆಪ್ಟರ್ ವಿಪರೀತ ತುಂಬಿ ವ್ಯವಸ್ಥೆ ಕೆಟ್ಟಿರುವ ಕೋಶ ಅದೇ ಆಗಿರುತ್ತದೆ. ಮಂಕಾದವನ್ನು ಆರಿಸಿ, ಎಕ್ಸ್‌ಪೋಶರ್ ಜಾಸ್ತಿ ಮಾಡಿ.

ಹಸಿರು ಚುಕ್ಕೆ, ಗಂಟುಗಳು ಕಂಡರೆ ಟ್ಯಾಗ್‌ಗಳೇ ಪರಸ್ಪರ ಅಂಟಿಕೊಳ್ಳುತ್ತಿರಬಹುದು. ಜೆಲ್ಲಿ ಮೀನಿನಿಂದ ಬಂದ ಜಿಎಫ್‌ಪಿಗೆ ಜೋಡಿಯಾಗುವ ಸಣ್ಣ ಚಟ ಇದೆ. ನೀರಿನಲ್ಲಿ ಅದು ಲೆಕ್ಕಕ್ಕಿಲ್ಲ. ಪೊರೆಯ ಮೇಲೆ ಪ್ರೋಟೀನುಗಳು ಒತ್ತೊತ್ತಾಗಿರುವಾಗ ಲೆಕ್ಕಕ್ಕೆ ಬರುತ್ತದೆ. 206ನೇ ಜಾಗದ ಅಲನಿನ್ ತೆಗೆದು ಲೈಸಿನ್ ಹಾಕಿದರೆ ಈ ಚಟ ಹೋಗುತ್ತದೆ ಎಂದು ರೋಜರ್ ಸಿಯೆನ್ ಅವರ ತಂಡ 2002ರಲ್ಲಿ ತೋರಿಸಿತು. ಹಳೆಯ ಪ್ಲಾಸ್ಮಿಡ್‌ಗಳಲ್ಲಿ ಈ ಬದಲಾವಣೆ ಇರುವುದಿಲ್ಲ. ಎರಡು ರಿಸೆಪ್ಟರ್ ಜೋಡಿಯಾಗುತ್ತವೆ ಎಂದು ತೋರಿಸಲು ಹೊರಟವರಂತೂ ಇದನ್ನು ಮೊದಲು ನೋಡಲೇಬೇಕು. ಇನ್ನು ಕೆಂಪು ಡಿಎಸ್‌ರೆಡ್ ನಾಲ್ಕು ನಾಲ್ಕಾಗಿ ಕಟ್ಟಿಕೊಳ್ಳುತ್ತದೆ. ರಿಸೆಪ್ಟರ್‌ಗೆ ಅದನ್ನು ಹಾಕಲೇಬೇಡಿ. ಒಂಟಿಯಾಗಿರುವ ಕೆಂಪು ಪ್ರೋಟೀನ್ ಎಂಚೆರಿ ಹಾಕಿ.

ಔಷಧಿ ಹಾಕಿದರೂ ಅಲುಗಾಡುತ್ತಿಲ್ಲ

ಪೊರೆಯ ಮೇಲೆ ಚಂದದ ಗೆರೆ ಇದೆ. ಈ ರಿಸೆಪ್ಟರನ್ನು ಎಬ್ಬಿಸುವ ಔಷಧಿ ಐಸೊಪ್ರೊಟೆರೆನಾಲ್ 10 ಮೈಕ್ರೋಮೋಲಾರ್ ಹಾಕಿದ್ದೀರಿ. ಬೀಟಾ 2 ರಿಸೆಪ್ಟರ್ 37 ಡಿಗ್ರಿಯಲ್ಲಿ ಹತ್ತು ನಿಮಿಷದೊಳಗೆ ಒಳಗೆ ಚುಕ್ಕೆಗಳಾಗಿ ಕಾಣಬೇಕು, ಅರ್ಧ ಗಂಟೆಯಲ್ಲಿ ಚೆನ್ನಾಗಿ ಒಳಹೋಗಿರಬೇಕು. ಆಗಿಲ್ಲ.

ನಾನು ಮೊದಲು ಬಾಟಲಿ ನೋಡುತ್ತೇನೆ. ಐಸೊಪ್ರೊಟೆರೆನಾಲ್ ಗಾಳಿ, ಬೆಳಕಿಗೆ ಕೆಡುತ್ತದೆ. ನಸುಗೆಂಪು ಅಥವಾ ಕಂದು ಬಣ್ಣ ಬಂದಿದ್ದರೆ ಚೆಲ್ಲಿ. ಅಂದಂದಿನದನ್ನು ಅಂದೇ ಕಲಸಿ, ತುಸು ಆಸ್ಕಾರ್ಬಿಕ್ ಆಮ್ಲ ಸೇರಿಸಿ, ಐಸ್ ಮೇಲೆ ಕತ್ತಲಲ್ಲಿಡಿ. ಮೊನ್ನೆಯ ಔಷಧಿಯಿಂದ ಇವತ್ತಿನ ಪ್ರಯೋಗ ಮಾಡಿ ರಿಸೆಪ್ಟರನ್ನು ಬಯ್ಯುವುದು ನ್ಯಾಯವಲ್ಲ.

ಆಮೇಲೆ ಬಿಸಿ. ರಿಸೆಪ್ಟರ್ ಒಳಗೆ ಹೋಗುವುದು ಉಷ್ಣತೆಯನ್ನು ನೆಚ್ಚಿದ ಕೆಲಸ. ಐಸ್ ಮೇಲೆ ನಿಂತುಬಿಡುತ್ತದೆ, ಎಸಿ ಹಾಕಿದ ರೂಮಿನಲ್ಲಿ ತೆವಳುತ್ತದೆ. ಸ್ಟೇಜ್ ಹೀಟರ್ 37 ಎಂದು ತೋರಿಸಿದರೂ ಡಿಶ್ ಒಳಗಿನ ನೀರು ಅಷ್ಟಿರುವುದಿಲ್ಲ. ಎಣ್ಣೆ ಹಾಕಿದ ಲೆನ್ಸ್ ತಾನೇ ಬಿಸಿ ಎಳೆದುಕೊಳ್ಳುತ್ತದೆ. ಡಿಶ್‌ನಲ್ಲಿ ಸಣ್ಣ ಥರ್ಮೊಕಪಲ್ ಮುಳುಗಿಸಿ ಅಳೆಯಿರಿ.

ಮೂರನೆಯದು ಸೀರಮ್, ಕೋಶ ಬೆಳೆಯಲೆಂದು ಮೀಡಿಯಮ್ಮಿಗೆ ಸೇರಿಸುವ ರಕ್ತದ ದ್ರವ. ಮೀಡಿಯಮ್ಮಿನಲ್ಲಿ ಶೇ 10 ಸೀರಮ್ ಇದ್ದರೆ ಅದರಲ್ಲಿ ನಾನಾ ರಿಸೆಪ್ಟರ್‌ಗಳನ್ನು ಎಬ್ಬಿಸುವ ಪದಾರ್ಥಗಳಿರುತ್ತವೆ. ಕೆಲವು ರಿಸೆಪ್ಟರ್‌ಗಳು ನೀವು ಔಷಧಿ ಹಾಕುವ ಮೊದಲೇ ಒಳಗೆ ಹೋಗಿ ಕೂತಿರುತ್ತವೆ. ಪ್ರಯೋಗಕ್ಕೆ ಕೆಲವು ಗಂಟೆ ಮೊದಲು ಸೀರಮ್ ಇಲ್ಲದ ಮೀಡಿಯಮ್‌ಗೆ ಬದಲಿಸಿ.

ಇಷ್ಟೆಲ್ಲ ಸರಿಯಿದ್ದರೂ ಅಲುಗದಿದ್ದರೆ ಮತ್ತೆ ಪ್ರಮಾಣಕ್ಕೇ ಬರಬೇಕು. ರಿಸೆಪ್ಟರನ್ನು ಒಳಗೆ ಎಳೆದುಕೊಳ್ಳಲು ಅರೆಸ್ಟಿನ್, ಕ್ಲಾಥ್ರಿನ್ ಮುಂತಾದ ಪ್ರೋಟೀನುಗಳು ಬೇಕು. ಅವು ಕೋಶದಲ್ಲಿ ಎಷ್ಟಿವೆಯೋ ಅಷ್ಟೇ. ರಿಸೆಪ್ಟರನ್ನು ಮಾತ್ರ ಹತ್ತಾರು ಪಟ್ಟು ಹೆಚ್ಚಿಸಿದರೆ ಒಂದು ಪಾಲು ಒಳಗೆ ಹೋಗುತ್ತದೆ, ಉಳಿದದ್ದು ಪೊರೆಯ ಮೇಲೇ ನಿಂತಿರುತ್ತದೆ. ನಿಮ್ಮ ಕಣ್ಣಿಗೆ ಕಾಣುವುದು ನಿಂತಿರುವ ಪಾಲು. ಬೀಟಾ ಅರೆಸ್ಟಿನ್ 2 ಪ್ಲಾಸ್ಮಿಡನ್ನು ಜೊತೆಗೆ ಹಾಕಿದಾಗ ಚಲನೆ ಶುರುವಾದರೆ ಈ ಅನುಮಾನ ಸರಿ ಎಂದಾಯಿತು.

ಅಲುಗಿದರೂ ಕುಣಿಯಬೇಡಿ. ಈ ರಿಸೆಪ್ಟರನ್ನು ತಡೆಯುವ ಔಷಧಿ ಪ್ರೊಪ್ರನಲಾಲ್ ಮೊದಲೇ ಹಾಕಿದ ಡಿಶ್‌ನಲ್ಲಿ ಅದೇ ಚಲನೆ ನಿಲ್ಲಬೇಕು. ನಿಲ್ಲದಿದ್ದರೆ ನೀವು ನೋಡಿದ್ದು ರಿಸೆಪ್ಟರ್‌ನ ಉತ್ತರವಲ್ಲ. ತಣ್ಣನೆಯ ಹನಿ ಬಿದ್ದಾಗ ಫೋಕಸ್ ಸರಿದದ್ದಿರಬಹುದು.

ಔಷಧಿ ಹಾಕಿದ ಮೇಲೆ ಹಸಿರೇ ಮಾಯ

ತುದಿಯ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇಲ್ಲಿ. ಒಳಗೆ ಹೋದ ರಿಸೆಪ್ಟರ್ ಎಂಡೋಸೋಮ್ ಎಂಬ ಸಣ್ಣ ಚೀಲದಲ್ಲಿರುತ್ತದೆ. ಆ ಚೀಲದ ಒಳಗೆ ಹುಳಿ. ಮೊದಮೊದಲು ಪಿಎಚ್ 6ರಿಂದ 6.5ರ ಆಸುಪಾಸು, ಮುಂದೆ ಹೋದಂತೆ 5.5ರ ಹತ್ತಿರ, ಪ್ರೋಟೀನುಗಳು ಜೀರ್ಣವಾಗುವ ಲೈಸೊಸೋಮ್‌ನಲ್ಲಿ 5ಕ್ಕಿಂತ ಕೆಳಗೆ. ಇಜಿಎಫ್‌ಪಿ ಪಿಎಚ್ 6ರ ಹತ್ತಿರ ಅರ್ಧ ಹೊಳಪು ಕಳೆದುಕೊಳ್ಳುತ್ತದೆ.

ಈಗ ಚಿತ್ರ ಬಿಡಿಸಿ ನೋಡಿ. ಪೊರೆ ಒಳಕ್ಕೆ ಮಡಚಿ ಚೀಲವಾದಾಗ, ಮೊದಲು ಕೋಶದ ಹೊರಗಿದ್ದ ಎನ್ ತುದಿ ಈಗ ಚೀಲದ ಒಳಗೆ, ಹುಳಿಯಲ್ಲಿ. ಸಿ ತುದಿ ಮೊದಲಿನ ಹಾಗೇ ಸೈಟೊಸಾಲ್‌ನಲ್ಲಿ (ಕೋಶದ ಒಳಗಿನ ದ್ರವದಲ್ಲಿ), ಅಲ್ಲಿ ಪಿಎಚ್ 7ಕ್ಕಿಂತ ಸ್ವಲ್ಪ ಮೇಲೆ. ಅಂದರೆ ಎನ್ ತುದಿಯ ಜಿಎಫ್‌ಪಿ ಒಳಗೆ ಹೋಗುತ್ತಿದ್ದಂತೆ ಮಂಕಾದರೆ ಅದು ಸಹಜ. ಸಿ ತುದಿಯದು ಮಂಕಾದರೆ ಹುಳಿಯ ಮೇಲೆ ಹೊರಿಸುವ ಮುನ್ನ ಬೇರೆ ಕಾರಣ ಹುಡುಕಿ. ಫೋಕಸ್ ಸರಿದಿದೆಯಾ? ಬೆಳಕು ಬಿದ್ದು ಬಿದ್ದು ಬಣ್ಣ ಸುಟ್ಟಿದೆಯಾ? ಔಷಧಿ ಇಲ್ಲದ ಡಿಶ್‌ಗೂ ಅಷ್ಟೇ ಸಲ, ಅಷ್ಟೇ ಹೊತ್ತು ಬೆಳಕು ಬಿಟ್ಟು ಹೋಲಿಸಿ. ಅದೂ ಅಷ್ಟೇ ಮಂಕಾದರೆ ಸುಟ್ಟದ್ದೇ. ಗಂಟೆಗಟ್ಟಲೆ ಕಳೆದ ಮೇಲೆ ಮಾತ್ರ ಇನ್ನೊಂದು ಸಾಧ್ಯತೆ: ರಿಸೆಪ್ಟರ್ ಚೀಲದೊಳಗಿನ ಚೀಲಕ್ಕೆ ಸೇರಿ, ಸಿ ತುದಿಯೂ ಲೈಸೊಸೋಮ್‌ನ ಹುಳಿಗೆ ಬಿದ್ದಿರುತ್ತದೆ.

ಹುಳಿಯೋ ಅಲ್ಲವೋ ಎಂದು ಖಚಿತ ಮಾಡಲು ಸರಳ ಪರೀಕ್ಷೆ ಇದೆ. ಇಮೇಜಿಂಗ್ ನಡೆಯುತ್ತಿರುವಾಗಲೇ 20ರಿಂದ 50 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ ಹಾಕಿ. ಅದು ಚೀಲಗಳ ಹುಳಿಯನ್ನು ಇಳಿಸುತ್ತದೆ. ಕತ್ತಲಾಗಿದ್ದ ಚುಕ್ಕೆಗಳು ಮತ್ತೆ ಹಚ್ಚಿಕೊಂಡರೆ ರಿಸೆಪ್ಟರ್ ಅಲ್ಲೇ ಇತ್ತು. ಹಚ್ಚಿಕೊಳ್ಳದಿದ್ದರೆ ನಿಜಕ್ಕೂ ಇಲ್ಲ.

ಈ ಗುಣವನ್ನೇ ಉಪಯೋಗಿಸಿಕೊಳ್ಳುವವರೂ ಇದ್ದಾರೆ. ಪಿಎಚ್‌ಲುವೊರಿನ್ ಎಂಬ ಜಿಎಫ್‌ಪಿ ರೂಪ 1998ರಲ್ಲಿ ಬಂತು. ಅದರ ಸುಧಾರಿಸಿದ ಬಗೆಯನ್ನು ಎನ್ ತುದಿಗೆ ಹಾಕಿದರೆ ಹೊರಗೆ ಇರುವಾಗ ಹೊಳಪು, ಹುಳಿ ಚೀಲದಲ್ಲಿ ಕತ್ತಲೆ. ಪೊರೆಯ ಮೇಲೆ ಎಷ್ಟಿದೆ ಎಂಬುದಷ್ಟೇ ಬೇಕಿದ್ದರೆ ಇದಕ್ಕಿಂತ ಸಲೀಸು ದಾರಿ ಇಲ್ಲ. ಒಳಗೆ ಎಲ್ಲಿ ಹೋಯಿತು ಎಂದು ನೋಡಬೇಕಿದ್ದರೆ ಇದು ತಪ್ಪು ಆಯ್ಕೆ. ಎಂಚೆರಿ ಹುಳಿಗೆ ಬಗ್ಗುವುದಿಲ್ಲ. ಆದರೆ ರಿಸೆಪ್ಟರ್ ಜೀರ್ಣವಾದ ಮೇಲೂ ಲೈಸೊಸೋಮ್‌ನಲ್ಲಿ ಕೆಂಪಾಗಿ ಕೂತಿರುತ್ತದೆ. ಕೆಂಪು ಚುಕ್ಕೆ ಕಂಡ ಕಡೆಯೆಲ್ಲ ಜೀವಂತ ರಿಸೆಪ್ಟರ್ ಇದೆ ಎಂದು ಎಣಿಸಬೇಡಿ.

ಒಳಗೆ ಹೋದದ್ದು ವಾಪಸ್ ಬರುತ್ತಿಲ್ಲ

ಔಷಧಿ ತೊಳೆದ ಮೇಲೆ ಬೀಟಾ 2 ರಿಸೆಪ್ಟರ್ ಮತ್ತೆ ಪೊರೆಗೆ ಮರಳಬೇಕು. ಸಿ ತುದಿಗೆ ಜಿಎಫ್‌ಪಿ ಹಾಕಿದವರಲ್ಲಿ ಇದು ಸರಿಯಾಗಿ ಆಗದಿರಬಹುದು. ಕಾರಣ ಆ ತುದಿಯ ಕೊನೆಯ ನಾಲ್ಕು ಅಮೈನೋ ಆಮ್ಲಗಳು. ಕೋಶದೊಳಗಿನ ಪಿಡಿಝೆಡ್ ಎಂಬ ಗುಂಪಿನ ಪ್ರೋಟೀನುಗಳು ಹಿಡಿದುಕೊಳ್ಳುವುದು ಅವನ್ನೇ. ಹೀಗೆ ಹಿಡಿದದ್ದನ್ನು ವಾಪಸ್ ಹೋಗುವ ದಾರಿಗೆ ಹಚ್ಚಲಾಗುತ್ತದೆ. 1999ರಲ್ಲಿ ಮಾರ್ಕ್ ಫಾನ್ ಝಾಸ್ಟ್ರೋ ಅವರ ತಂಡ ಈ ಹಿಡಿತ ತಪ್ಪಿದರೆ ರಿಸೆಪ್ಟರ್ ಲೈಸೊಸೋಮ್ ಕಡೆಗೆ ಹೋಗುತ್ತದೆ ಎಂದು ತೋರಿಸಿತು. ಹಿಡಿತಕ್ಕೆ ಆ ತುದಿ ಖಾಲಿಯಿರಬೇಕು. ಅದಕ್ಕೆ 238 ಅಮೈನೋ ಆಮ್ಲ ಕಟ್ಟಿದ ಮೇಲೆ ಹಿಡಿಯುವುದು ಹೇಗೆ?

ಇದಕ್ಕೆ ಔಷಧಿಯಲ್ಲಿ, ಬಫರ್‌ನಲ್ಲಿ, ಮೈಕ್ರೋಸ್ಕೋಪಿನಲ್ಲಿ ಪರಿಹಾರ ಇಲ್ಲ. ಪ್ಲಾಸ್ಮಿಡನ್ನೇ ಬದಲಿಸಬೇಕು. ಮರಳುವಿಕೆಯ ಬಗ್ಗೆ ತೀರ್ಮಾನ ಬರೆಯುವವರು ಎನ್ ತುದಿಯ ಟ್ಯಾಗ್ ಇಲ್ಲದೆ ಬರೆಯಬಾರದು ಎಂಬುದು ನನ್ನ ಹಟ.

ದೋಷ ಅಲ್ಲದ ದೋಷ

ಅರೆಸ್ಟಿನ್‌ಗೆ ಜಿಎಫ್‌ಪಿ, ರಿಸೆಪ್ಟರ್‌ಗೆ ಎಂಚೆರಿ ಹಾಕಿ ಎರಡನ್ನೂ ನೋಡುವ ಪ್ರಯೋಗ ಬಹಳ ಜನ ಮಾಡುತ್ತಾರೆ. ಅರೆಸ್ಟಿನ್ ಕೆಲವೇ ನಿಮಿಷಗಳಲ್ಲಿ ಪೊರೆಗೆ ಓಡಿ ಬರುತ್ತದೆ. ಆದರೆ ರಿಸೆಪ್ಟರ್ ಒಳಗೆ ಹೋದಾಗ ಅರೆಸ್ಟಿನ್ ಜೊತೆಗೆ ಹೋಗುವುದಿಲ್ಲ. "ಇದು ಫೇಲ್ ಆತ್ರಿ" ಎಂದು ಫೈಲ್ ಮುಚ್ಚಬೇಡಿ. ಬೀಟಾ 2 ಇರುವುದೇ ಹಾಗೆ. ಅರೆಸ್ಟಿನ್ ಅದನ್ನು ಪೊರೆಯ ಹತ್ತಿರವೇ ಬಿಟ್ಟುಬಿಡುತ್ತದೆ. ವ್ಯಾಸೊಪ್ರೆಸಿನ್ ಹಾರ್ಮೋನಿನ ವಿ 2 ರಿಸೆಪ್ಟರ್ ತೆಗೆದುಕೊಂಡರೆ ಎರಡೂ ಕೈ ಹಿಡಿದು ಎಂಡೋಸೋಮ್ ತನಕ ಹೋಗುತ್ತವೆ. ಹೋಲಿಕೆಗೆ ಅದೊಂದು ಡಿಶ್ ಇಟ್ಟುಕೊಂಡರೆ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ.

ನೀಲಿ ಸಿಎಫ್‌ಪಿ, ಹಳದಿ ವೈಎಫ್‌ಪಿ ಹಾಕಿ ಫ್ರೆಟ್ (ಎರಡು ಟ್ಯಾಗ್ ತೀರಾ ಹತ್ತಿರ ಬಂದಾಗ ಒಂದರ ಶಕ್ತಿ ಇನ್ನೊಂದಕ್ಕೆ ದಾಟುವುದನ್ನು ಅಳೆಯುವ ಬಗೆ) ಮಾಡುವವರಿಗೆ ಎರಡೇ ಮಾತು. ಸಿಎಫ್‌ಪಿ ಒಂದನ್ನೇ, ವೈಎಫ್‌ಪಿ ಒಂದನ್ನೇ ಹಾಕಿದ ಡಿಶ್‌ಗಳಿಲ್ಲದೆ ಲೆಕ್ಕ ಹಾಕಬೇಡಿ, ಒಂದರ ಬೆಳಕು ಇನ್ನೊಂದರ ಚಾನೆಲ್‌ಗೆ ಧಾರಾಳವಾಗಿ ಸೋರುತ್ತದೆ. ಹಳೆಯ ವೈಎಫ್‌ಪಿ ಹುಳಿಗೂ ಕ್ಲೋರೈಡ್‌ಗೂ ಮಂಕಾಗುವುದರಿಂದ, ಫ್ರೆಟ್ ಇಳಿದಂತೆ ಕಂಡದ್ದು ಬರೀ ಪಿಎಚ್ ಇಳಿದದ್ದೂ ಇರಬಹುದು. ವೈಎಫ್‌ಪಿಯ ಸುಧಾರಿಸಿದ ರೂಪಗಳಾದ ವೀನಸ್ ಅಥವಾ ಸಿಟ್ರಿನ್ ಬಳಸಿ.

ಬೇಸಿಗೆಯಲ್ಲಿ ಮಾತ್ರ ಕೆಡುವ ಪ್ರಯೋಗ

ವಿಜಯಪುರದವರೊಬ್ಬರ ಪ್ರಯೋಗ ಜನವರಿಯಲ್ಲಿ ಚೆನ್ನಾಗಿ ಬರುತ್ತಿತ್ತು, ಮೇ ತಿಂಗಳಲ್ಲಿ ಕೈಕೊಡುತ್ತಿತ್ತು. ಪ್ಲಾಸ್ಮಿಡ್ ಅದೇ, ಕೋಶ ಅದೇ. ಅಲ್ಲಿ ಆಗ ಹೊರಗೆ 40 ಡಿಗ್ರಿ ಬಿಸಿಲು. ಕೋಶ ಬೆಳೆಸುವ ಸಾಮಾನ್ಯ ಸಿಒ2 ಇನ್‌ಕ್ಯುಬೇಟರ್‌ಗೆ ಬಿಸಿ ಮಾಡುವುದು ಗೊತ್ತು, ತಂಪು ಮಾಡುವುದು ಗೊತ್ತಿಲ್ಲ. ಕೋಣೆ ಅದಕ್ಕಿಂತ ಸುಮಾರು 5 ಡಿಗ್ರಿ ತಂಪಾಗಿದ್ದರೆ ಮಾತ್ರ 37ನ್ನು ಹಿಡಿದಿಡುತ್ತದೆ. ರಾತ್ರಿ ಕರೆಂಟ್ ಹೋಗಿ ಬರುತ್ತದೆ. ಇನ್‌ಕ್ಯುಬೇಟರ್ ಯುಪಿಎಸ್ ಮೇಲೆ ನಡೆಯುತ್ತಿರುತ್ತದೆ, ಎಸಿ ಮಾತ್ರ ತಾನಾಗಿ ಶುರುವಾಗುವುದಿಲ್ಲ. ಕೋಣೆ ಬಿಸಿಯಾಗುತ್ತದೆ, ಕೋಶಗಳು 39, 40ರಲ್ಲಿ ರಾತ್ರಿ ಕಳೆಯುತ್ತವೆ. ಬೆಳಿಗ್ಗೆ ಬಾಗಿಲು ತೆರೆದಾಗ ಡಿಸ್‌ಪ್ಲೇಯಲ್ಲಿ ಮತ್ತೆ 37. ಬಿಸಿ ತಿಂದ ಕೋಶಗಳಲ್ಲಿ ಪ್ರೋಟೀನ್ ಮಡಚಿಕೆ ಕೆಡುತ್ತದೆ. ಮೇಲೆ ಹೇಳಿದ ಬಲೆಯಂಥ ಹಸಿರೇ ಕಾಣುತ್ತದೆ, ನೀವು ಡಿಎನ್‌ಎ ಪ್ರಮಾಣವನ್ನು ಅನುಮಾನಿಸುತ್ತಾ ಕೂರುತ್ತೀರಿ. ಗರಿಷ್ಠ ಉಷ್ಣತೆಯನ್ನು ನೆನಪಿಟ್ಟುಕೊಳ್ಳುವ ಅಗ್ಗದ ಥರ್ಮಾಮೀಟರ್ ಒಂದನ್ನು ಒಳಗಿಡಿ. ಬಾಗಲಕೋಟೆಯವರಿಗೂ ಇದೇ ಸಲಹೆ.

ಟ್ಯಾಗ್ ಹಾಕಿದ ರಿಸೆಪ್ಟರ್ ಕೆಲಸ ಮಾಡುತ್ತಿದೆಯಾ

ರಿಸೆಪ್ಟರ್ ಎದ್ದಾಗ ಕೋಶದಲ್ಲಿ ಏರುವ ಸಂದೇಶದ ಅಣು ಸೈಕ್ಲಿಕ್ ಎಎಂಪಿ ಅಳೆದು, "ಔಷಧಿ ಹಾಕಿದರೆ ಏರುತ್ತದೆ, ಟ್ಯಾಗ್‌ನಿಂದ ತೊಂದರೆ ಇಲ್ಲ" ಎಂದು ಬರೆಯುವವರು ಒಂದನ್ನು ಮರೆಯುತ್ತಾರೆ. ಎಚ್‌ಇಕೆ 293 ಕೋಶಗಳಲ್ಲಿ ಬೀಟಾ 2 ರಿಸೆಪ್ಟರ್ ಹುಟ್ಟಿನಿಂದಲೇ ಸ್ವಲ್ಪ ಇರುತ್ತದೆ. ನೀವು ಏನೂ ಹಾಕದ ಕೋಶವೂ ಐಸೊಪ್ರೊಟೆರೆನಾಲ್‌ಗೆ ಉತ್ತರ ಕೊಡುತ್ತದೆ. ಹಾಗಾಗಿ ಖಾಲಿ ವೆಕ್ಟರ್ ಹಾಕಿದ ಕೋಶಗಳ ಗ್ರಾಫ್ ಗೆರೆ ಪಕ್ಕದಲ್ಲಿ ಇರಲೇಬೇಕು. ಟ್ಯಾಗ್ ಇಲ್ಲದ ರಿಸೆಪ್ಟರ್‌ನ ಗೆರೆಯೂ ಬೇಕು, ಅದೂ ಪೊರೆಯ ಮೇಲೆ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿರುವಾಗ. ಏಕೆಂದರೆ ರಿಸೆಪ್ಟರ್ ಜಾಸ್ತಿಯಾದರೆ ಕಡಿಮೆ ಔಷಧಿಗೇ ಪೂರ್ತಿ ಉತ್ತರ ಬರುತ್ತದೆ. ಟ್ಯಾಗ್‌ನಿಂದ ರಿಸೆಪ್ಟರ್ ಮಂದವಾಗಿದ್ದರೂ ಸಂಖ್ಯೆಯ ಬಲದಿಂದ ಅದು ಮುಚ್ಚಿಹೋಗುತ್ತದೆ.

ಎರಡೂ ತುದಿಯಲ್ಲಿ ಜಿಎಫ್‌ಪಿ ಕಾಟ ಕೊಟ್ಟರೆ ಎನ್ ತುದಿಗೆ ಎಂಟೇ ಅಮೈನೋ ಆಮ್ಲದ ಫ್ಲ್ಯಾಗ್ ಟ್ಯಾಗ್ ಹಾಕಿ, ಹೊಳೆಯುವ ಆಂಟಿಬಾಡಿಯಿಂದ ಜೀವಂತ ಕೋಶದಲ್ಲೇ ನೋಡಬಹುದು. ಆಂಟಿಬಾಡಿ ಪೊರೆ ದಾಟದ ಕಾರಣ ಮೇಲಿರುವುದಷ್ಟೇ ಬಣ್ಣವಾಗುತ್ತದೆ. ಎಂ 1 ಎಂಬ ಆಂಟಿಬಾಡಿ ತೆಗೆದುಕೊಂಡರೆ ಟ್ಯಾಗ್ ಮುಂದೆ ಬೇರೇನೂ ಉಳಿದಿರಬಾರದು, ಸಿಗ್ನಲ್ ಪೆಪ್ಟೈಡ್ ಕತ್ತರಿಸಿ ಬಿದ್ದಿರಬೇಕು. ಜೊತೆಗೆ ಅದು ಹಿಡಿಯುವುದು ಕ್ಯಾಲ್ಸಿಯಂ ಇದ್ದರೆ ಮಾತ್ರ. ಕ್ಯಾಲ್ಸಿಯಂ ಇಲ್ಲದ ಮಾಮೂಲಿ ಪಿಬಿಎಸ್ ಉಪ್ಪು ದ್ರಾವಣದಿಂದ ತೊಳೆದರೆ ಬಣ್ಣವೆಲ್ಲ ನೀರಿನ ಜೊತೆ ಹೋಗುತ್ತದೆ. ತೊಳೆಯುವ ಬಫರ್‌ಗೆ 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿಕೊಳ್ಳಿ.